ಮೊದಲ ಟೈಮ್ ಟ್ರಯಲ್: ಶುರುವಿನ ಐದು ನಿಮಿಷ ತಡೆದುಕೊಳ್ಳಿ

ಪ್ರಶ್ನೆ: ನಾನು ಧಾರವಾಡದವಳು, ಕೆಲಸಕ್ಕಾಗಿ ಪುಣೆಯ ವಾಕಡ್‌ನಲ್ಲಿದ್ದೇನೆ. ವಯಸ್ಸು 36. ಎರಡು ವರ್ಷದಿಂದ ಹೈಬ್ರಿಡ್ ಸೈಕಲ್ ತುಳಿಯುತ್ತಿದ್ದೇನೆ. ವಾರದಲ್ಲಿ ಎರಡು ದಿನ ಚಿಕ್ಕ ರೈಡು, ಭಾನುವಾರ 40-50 ಕಿ.ಮೀ. ಗೆಳತಿಯರ ಮಾತು ಕೇಳಿ ಡಿಸೆಂಬರ್ ಕೊನೆಗೆ ನಡೆಯುವ 20 ಕಿ.ಮೀ. ಟೈಮ್ ಟ್ರಯಲ್‌ಗೆ ಹೆಸರು ಕೊಟ್ಟುಬಿಟ್ಟೆ. 10 ಕಿ.ಮೀ. ಹೋಗಿ, ಯೂ-ಟರ್ನ್ ಮಾಡಿ, ಅದೇ ದಾರಿಯಲ್ಲಿ ವಾಪಸ್ ಬರಬೇಕು. ಇನ್ನು ಎಂಟು ವಾರ ಇದೆ. ರೋಡ್ ಬೈಕ್ (ತೆಳು ಟೈರಿನ ರೇಸ್ ಸೈಕಲ್) ಕೊಳ್ಳಬೇಕಾ? ಏರೋ ಬಾರ್ (ಮುಂಗೈ ಊರಿ ಬಾಗಲು ಹ್ಯಾಂಡಲ್‌ಗೆ ಹಾಕುವ ಕಂಬಿ) ಹಾಕಿಸಬೇಕಾ? ತಯಾರಿ ಹೇಗೆ? ಎಲ್ಲರಿಗಿಂತ ಕೊನೆಗೆ ಬಂದರೆ ಅನ್ನೋ ಹೆದರಿಕೆಯೂ ಇದೆ.

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಅದೇ ಅನ್ನಿಸಿತು. ಟೈಮ್ ಟ್ರಯಲ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಬ್ಬೊಬ್ಬರನ್ನೇ ಬಿಡುತ್ತಾರೆ. ನಿಮ್ಮನ್ನು ಯಾರೋ ದಾಟಿ ಹೋದರು ಅಂದರೆ ಅವರೊಬ್ಬರು ನಿಮ್ಮ ಹಿಂದೆ ಹೊರಟು ನಿಮಗಿಂತ ಜೋರಾಗಿ ಬಂದರು ಅಂತ ಮಾತ್ರ ಗೊತ್ತಾಗುತ್ತೆ. ಉಳಿದವರಲ್ಲಿ ಯಾರು ಮುಂದೆ, ಯಾರು ಹಿಂದೆ ಅನ್ನೋದು ಕೊನೆಗೆ ಹಾಳೆಯಲ್ಲಿ ಬರೆದಾಗಲೇ ತಿಳಿಯೋದು. ಗುಂಪು ನಿಮ್ಮನ್ನು ಬಿಟ್ಟು ಹೋಯ್ತು ಅನ್ನೋ ಸಂಕಟ ಇಲ್ಲಿ ಇಲ್ಲವೇ ಇಲ್ಲ. ಹೊಸಬರು ರೇಸ್ ಶುರು ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನಾನು ಯಾರಿಗಾದರೂ ಹೇಳುತ್ತೇನೆ. ಗುಂಪಿನ ರೇಸ್‌ನಲ್ಲಿ ಪಕ್ಕದವರ ಹ್ಯಾಂಡಲ್ ತಗುಲಿ ಬೀಳುವ ಭಯ ಇರುತ್ತೆ, ಇಲ್ಲಿ ನೀವು, ರಸ್ತೆ, ಗಾಳಿ, ಅಷ್ಟೇ.

ಈಗ ಸೈಕಲ್ ವಿಷಯ. ರೋಡ್ ಬೈಕ್ ಈಗ ಕೊಳ್ಳಬೇಡಿ. ಎಂಟು ವಾರದಲ್ಲಿ ಹೊಸ ಸೈಕಲ್‌ಗೆ ಬೆನ್ನು, ಕುತ್ತಿಗೆ, ಮಂಡಿ ಹೊಂದಿಕೊಳ್ಳುವುದರಲ್ಲೇ ಅರ್ಧ ಸಮಯ ಹೋಗುತ್ತೆ. ರೇಸ್ ಆದ ಮೇಲೂ ಆಸೆ ಉಳಿದರೆ ಆಗ ನಿಧಾನಕ್ಕೆ ನೋಡಿ ಕೊಳ್ಳಿ. ಹೈಬ್ರಿಡ್‌ಗೆ ಈಗ ದುಡ್ಡು ಹಾಕುವುದಿದ್ದರೆ ಟೈರಿಗೆ ಹಾಕಿ. ಬಹಳಷ್ಟು ಹೈಬ್ರಿಡ್‌ಗಳಿಗೆ ದಪ್ಪ, ಹಲ್ಲು ಹಲ್ಲಿನ ಟೈರ್ ಬಂದಿರುತ್ತೆ, ಅದು ಡಾಂಬರಿನ ಮೇಲೆ ಗುಂಯ್ ಅಂತ ಸದ್ದು ಮಾಡುತ್ತಾ ನಿಮ್ಮ ಶಕ್ತಿ ತಿನ್ನುತ್ತೆ. 32 ಮಿ.ಮೀ. ನುಣುಪು ಟೈರ್ ಹಾಕಿಸಿ. ಹಾಕಿಸುವ ಮುಂಚೆ ನಿಮ್ಮ ರಿಮ್‌ಗೆ ಕೂರುತ್ತಾ ಅಂತ ಅಂಗಡಿಯವರನ್ನು ಕೇಳಿ. ಗಾಳಿಯನ್ನು ಟೈರಿನ ಪಕ್ಕ ಬರೆದಿರುವ ಗರಿಷ್ಠದವರೆಗೆ ಹೊಡೆಯಬೇಡಿ. ನಮ್ಮ ರಸ್ತೆಗಳಲ್ಲಿ ಕಲ್ಲಿನಂತೆ ಗಟ್ಟಿಯಾದ ಟೈರ್ ಪುಟಿಯುತ್ತೆ, ಪ್ರತಿ ಪುಟಿತಕ್ಕೂ ವೇಗ ಸ್ವಲ್ಪ ಸೋರಿಹೋಗುತ್ತೆ. 60 ಕೆ.ಜಿ. ಆಸುಪಾಸಿನವರಿಗೆ 32ರ ಟೈರಿನಲ್ಲಿ 55ರಿಂದ 65 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು, ಹಿಂದಿನದಕ್ಕೆ ಮುಂದಿನದಕ್ಕಿಂತ ನಾಲ್ಕೈದು ಜಾಸ್ತಿ ಇರಲಿ. ಆಮೇಲೆ ಕ್ಯಾರಿಯರ್, ಮಡ್‌ಗಾರ್ಡ್, ಬುಟ್ಟಿ, ಸ್ಟ್ಯಾಂಡ್ ಏನಿದ್ದರೂ ಬಿಚ್ಚಿಡಿ.

ಏರೋ ಬಾರ್ ಬೇಡ, ಈ ಸಲ ಬೇಡ. ಅದು ಉಪಯೋಗಕ್ಕೆ ಬರಲ್ಲ ಅಂತಲ್ಲ, ತುಂಬಾನೇ ಬರುತ್ತೆ. 1989ರ ಟೂರ್ ದ ಫ್ರಾನ್ಸ್ ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್ ಇತ್ತು. ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದವರು, ಏರೋ ಬಾರ್ ಮೇಲೆ ಬಾಗಿ ತುಳಿದು, ಮೂರು ವಾರದ ರೇಸನ್ನು ಲಾರೆಂಟ್ ಫಿನ್ಯೋಂ ಅವರಿಂದ 8 ಸೆಕೆಂಡ್‌ಗೆ ಕಿತ್ತುಕೊಂಡರು. ಆದರೆ ಆ ಬಾರ್ ಹಿಡಿದಾಗ ಕೈ ಬ್ರೇಕಿನಿಂದ ದೂರ ಇರುತ್ತೆ, ಹ್ಯಾಂಡಲ್ ಸ್ವಲ್ಪ ತಾಗಿದರೂ ಸೈಕಲ್ ಅತ್ತಿತ್ತ ಹೋಗುತ್ತೆ. ತಿಂಗಳುಗಟ್ಟಲೆ ಅಭ್ಯಾಸ ಇಲ್ಲದೆ ಪುಣೆಯ ರಸ್ತೆಯಲ್ಲಿ ಅದು ಅಪಾಯ. ಬಾರ್ ಇಲ್ಲದವರು ಮುಂಗೈಯನ್ನು ಹ್ಯಾಂಡಲ್ ಮೇಲೆ ಮಲಗಿಸಿ ಹೋಗುವುದನ್ನೂ ನೋಡಿರುತ್ತೀರಿ. ಗುಂಪಿನ ರೇಸ್‌ಗಳಲ್ಲಿ ಅದನ್ನು ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ 2021ರಲ್ಲಿ ನಿಷೇಧಿಸಿತು. ವೃತ್ತಿಪರರಿಗೇ ಬೇಡ ಅಂದದ್ದು ನಮಗೂ ಬೇಡ.

ಅದರ ಬದಲು ನಿಮ್ಮ ದೇಹವನ್ನೇ ಚಿಕ್ಕದು ಮಾಡಿಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಹತ್ತಿರ ಹೋಗುವಾಗ ನಿಮ್ಮ ಶಕ್ತಿಯ ಮುಕ್ಕಾಲು ಪಾಲು ಗಾಳಿ ಸೀಳುವುದಕ್ಕೇ ಹೋಗುತ್ತೆ, ಅದರಲ್ಲೂ ಗಾಳಿ ತಡೆಯುವುದು ಸೈಕಲ್‌ಗಿಂತ ಜಾಸ್ತಿ ನಿಮ್ಮ ಮೈ. ಮೊಣಕೈ ಬಗ್ಗಿಸಿ ಒಳಕ್ಕೆ ತನ್ನಿ, ಭುಜ ಕಿವಿಯ ಕಡೆ ಎತ್ತದೆ ಸಡಿಲ ಬಿಡಿ, ಗದ್ದ ಸ್ವಲ್ಪ ಕೆಳಗೆ, ಕಣ್ಣು ಮಾತ್ರ ರಸ್ತೆ ಮೇಲೆ. ಹ್ಯಾಂಡಲ್ ಕೆಳಗೆ ಸ್ಪೇಸರ್ (ಎತ್ತರಕ್ಕೆ ಹಾಕಿದ ಉಂಗುರ) ಇದ್ದರೆ ಒಂದು ಸೆಂ.ಮೀ. ಇಳಿಸಿ, ಎರಡು ವಾರ ಓಡಿಸಿ ನೋಡಿ, ಸೊಂಟ ನೋಯದಿದ್ದರೆ ಇನ್ನೊಂದು. ಮೈಗೆ ಅಂಟಿದ ಜೆರ್ಸಿ ಹಾಕಿ. ಪಟಪಟ ಹಾರಾಡುವ ವಿಂಡ್‌ಚೀಟರ್ ಹಾಕಿಕೊಂಡು ರೇಸ್ ತುಳಿಯುವುದು ಅಂದರೆ ಬೆನ್ನಿಗೆ ಕೊಡೆ ಬಿಚ್ಚಿ ಕಟ್ಟಿಕೊಂಡ ಹಾಗೆ. ನಂಬರ್ ಚೀಟಿಯನ್ನೂ ನಾಲ್ಕು ಮೂಲೆಗೆ ಪಿನ್ ಹಾಕಿ ಚಪ್ಪಟೆ ಕೂರಿಸಿ.

ಎಂಟು ವಾರದ ತಯಾರಿಗೆ ಬರುತ್ತೇನೆ. ನೀವು ವಾರಕ್ಕೆ ಮೂರು ದಿನ ತುಳಿಯುತ್ತೀರಿ, ಆದರೆ ನಾಲ್ಕನೆಯದನ್ನೂ ಸೇರಿಸಿ, ಅದು ಆರಾಮದ 45 ನಿಮಿಷ ಆದರೂ ಸಾಕು. ಭಾನುವಾರದ ಉದ್ದ ರೈಡನ್ನು ಹಾಗೇ ಇಟ್ಟುಕೊಳ್ಳಿ. ಅದನ್ನು ಪಕ್ಕದವರ ಜೊತೆ ಮಾತಾಡುತ್ತಾ ಹೋಗುವಷ್ಟು ನಿಧಾನ ಮಾಡಿ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಭಾನುವಾರ ಗೆಳೆಯರ ಜೊತೆ ಪೈಪೋಟಿಗೆ ಬಿದ್ದು ಏದುಸಿರು ಬಿಡುತ್ತಾರೆ, ಮಂಗಳವಾರ ಜೋರಾಗಿ ತುಳಿಯಬೇಕಾದ ದಿನ ಕಾಲೇ ಏಳಲ್ಲ, ಕೊನೆಗೆ ವಾರವಿಡೀ ಎಲ್ಲಾ ರೈಡೂ ಅತ್ತ ನಿಧಾನವೂ ಅಲ್ಲದೆ ಇತ್ತ ಜೋರೂ ಅಲ್ಲದೆ ಮುಗಿಯುತ್ತೆ.

ಜೋರು ತುಳಿಯುವುದು ವಾರಕ್ಕೆ ಒಂದೇ ದಿನ, ಹೆಚ್ಚೆಂದರೆ ಎರಡು. ಮೊದಲ ಮೂರು ವಾರ ಹೀಗೆ ಮಾಡಿ: 15 ನಿಮಿಷ ಮೈ ಬಿಸಿ ಮಾಡಿಕೊಂಡು, 5 ನಿಮಿಷ ರೇಸಿನ ಬಿರುಸಿನಲ್ಲಿ, 3 ನಿಮಿಷ ಹಗುರವಾಗಿ, ಇದನ್ನು ನಾಲ್ಕು ಸಲ. ರೇಸಿನ ಬಿರುಸು ಅಂದರೆ ಒಂದೆರಡು ಪದ ಹೇಳಬಹುದು, ಪೂರ್ತಿ ವಾಕ್ಯ ಬಾಯಿಗೆ ಬರಲ್ಲ, ಅಷ್ಟು. ನಾಲ್ಕನೆಯ ಸಲವೂ ಮೊದಲನೆಯದರ ವೇಗದಲ್ಲೇ ಆಗಬೇಕು. ಮೊದಲನೆಯದು ಹಾರಿಹೋಗಿ ನಾಲ್ಕನೆಯದು ತೆವಳಿದರೆ ನೀವು ಜೋರಾಗಿ ಶುರು ಮಾಡಿದಿರಿ ಅಂತ ಅರ್ಥ, ಮುಂದಿನ ವಾರ ತಗ್ಗಿಸಿ. ನಾಲ್ಕರಿಂದ ಆರನೇ ವಾರ 8 ನಿಮಿಷದ್ದು ಮೂರು. ಏಳನೇ ವಾರ 12 ನಿಮಿಷದ್ದು ಎರಡು, ಮಧ್ಯೆ 5 ನಿಮಿಷ ಹಗುರ. ಪೆಡಲ್ ನಿಮಿಷಕ್ಕೆ 85ರಿಂದ 95 ಸುತ್ತು ತಿರುಗಲಿ. ಭಾರದ ಗೇರಿನಲ್ಲಿ ತಿಣುಕಿದರೆ ಹಾರ್ಟ್‌ಗಿಂತ ಮೊದಲು ತೊಡೆ ಸೋಲುತ್ತೆ, ಮಂಡಿಗೂ ಪೆಟ್ಟು.

ಇದನ್ನೆಲ್ಲ ಎಲ್ಲಿ ಮಾಡೋದು ಅನ್ನೋದು ನಮ್ಮ ಊರಿನ ದೊಡ್ಡ ಪ್ರಶ್ನೆ. ವಾಕಡ್‌ನಿಂದ ಹಿಂಜೆವಾಡಿ ಐಟಿ ಪಾರ್ಕ್ ಒಳಗಿನ ರಸ್ತೆಗಳು ವಾರದ ದಿನ ಎಂಟು ಗಂಟೆಗೆ ಹೇಗಿರುತ್ತವೆ ಅಂತ ನಾನು ನಿಮಗೆ ಹೇಳಬೇಕಿಲ್ಲ. ರಜೆಯ ದಿನ ಬೆಳಕು ಹರಿಯುವಾಗ ಅಲ್ಲೇ ಮೂರನೇ ಫೇಸ್ ಕಡೆ ಜಾಗ ಸಿಗುತ್ತೆ. ಏರು ಬೇಕಾದರೆ ಪಾಷಾಣ್-ಸೂಸ್ ರಸ್ತೆ ಇದೆ. ಹಳೇ ಮುಂಬೈ ಹೆದ್ದಾರಿ ದೇಹು ರೋಡ್ ದಾಟಿ ತಳೇಗಾಂವ್ ಕಡೆ ಉದ್ದಕ್ಕೆ ಹೋಗುತ್ತೆ, ಆದರೆ ಲಾರಿಗಳು ಜಾಸ್ತಿ, ಒಬ್ಬರೇ ಹೋಗಬೇಡಿ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಗೆ ಸೈಕಲ್ ಹತ್ತಿಸುವಂತಿಲ್ಲ, ಅದು ಗೊತ್ತಿರಲಿ. ಬಣ್ಣ ಹೊಡೆಯದ ಸ್ಪೀಡ್ ಬ್ರೇಕರ್, ಹಾಲಿನ ಬೈಕು, ಬೀದಿನಾಯಿ, ಪಕ್ಕದ ಗಲ್ಲಿಯಿಂದ ನುಗ್ಗುವ ರಿಕ್ಷಾ ಇರುವಲ್ಲಿ ತಲೆ ತಗ್ಗಿಸಿ 8 ನಿಮಿಷ ತುಳಿಯುವ ಅಭ್ಯಾಸ ಮಾಡಲೇಬೇಡಿ. ಅದಕ್ಕಿಂತ ಮನೆಯಲ್ಲಿ ಟ್ರೇನರ್ (ಸೈಕಲನ್ನು ಸಿಕ್ಕಿಸಿ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ, ಎದುರಿಗೆ ಫ್ಯಾನ್ ಹಾಕಿಕೊಂಡು ಮಾಡುವುದು ನೂರು ಪಾಲು ಮೇಲು. ಟ್ರೇನರ್ ಇಲ್ಲದಿದ್ದರೆ ಗೆಳತಿಯರಲ್ಲಿ ಯಾರ ಹತ್ತಿರ ಇದೆ ಕೇಳಿ, ಎಷ್ಟೋ ಮನೆಗಳಲ್ಲಿ ಅದು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ನಿಂತಿರುತ್ತೆ.

ಕೊನೆಯ ವಾರ ಹೊಸದಾಗಿ ಏನೂ ಗಳಿಸುವುದಿಲ್ಲ, ಸುಸ್ತು ಇಳಿಸುವುದಷ್ಟೇ ಕೆಲಸ. ತುಳಿಯುವ ಸಮಯ ಅರ್ಧಕ್ಕೆ ಇಳಿಸಿ, ಆದರೆ ನಡುನಡುವೆ ಒಂದೊಂದು ನಿಮಿಷದ ಬಿರುಸು ಇರಲಿ. ಹಿಂದಿನ ದಿನ ಅರ್ಧ ಗಂಟೆ ಹಗುರ, ಅದರಲ್ಲಿ ಒಂದು ನಿಮಿಷದ್ದು ಮೂರು. ಆ ದಿನ ಪೂರ್ತಿ ಮಲಗಿಬಿಟ್ಟರೆ ಮರುದಿನ ಕಾಲು ಮರಗಟ್ಟಿದ ಹಾಗಿರುತ್ತೆ.

ರೇಸ್ ದಾರಿಯನ್ನು ಒಂದು ಸಲವಾದರೂ ಮೊದಲೇ ತುಳಿದು ಬನ್ನಿ. ಗುಂಡಿ ಎಲ್ಲಿ, ಸೇತುವೆಯ ಜಾಯಿಂಟ್ ಎಲ್ಲಿ, ಏರು ಎಲ್ಲಿಂದ ಶುರು ಅಂತ ನೋಡಿ. ಎಲ್ಲಕ್ಕಿಂತ ಹೆಚ್ಚಾಗಿ ಯೂ-ಟರ್ನ್ ನೋಡಿ. ನಾನು ಸಾಮಾನ್ಯವಾಗಿ ರೇಸ್ ದಿನ ಯೂ-ಟರ್ನ್ ಹತ್ತಿರ ನಿಲ್ಲುತ್ತೇನೆ, ಯಾಕೆಂದರೆ ಹೊಸಬರು ಬೀಳುವುದು ಅಲ್ಲೇ. ಡಿವೈಡರ್ ಕಿಂಡಿಯ ಬಾಯಲ್ಲಿ ಯಾವಾಗಲೂ ಸಣ್ಣ ಜಲ್ಲಿ, ಮರಳು ಕೂತಿರುತ್ತೆ. ವೇಗವಾಗಿ ಬಂದವರು ಕೊನೇ ಗಳಿಗೆಯಲ್ಲಿ ಬ್ರೇಕ್ ಒತ್ತುತ್ತಾರೆ, ತಿರುಗುತ್ತಾ ಇರುವಾಗಲೇ ಇನ್ನೂ ಒತ್ತುತ್ತಾರೆ, ಮುಂದಿನ ಚಕ್ರ ಜಾರುತ್ತೆ. ಬೀಳದವರದ್ದು ಇನ್ನೊಂದು ಪಾಡು: ಗೇರ್ ಇಳಿಸಲು ಮರೆತು, ತಿರುವಿನಾಚೆ ಭಾರದ ಗೇರಿನಲ್ಲಿ ಎದ್ದು ನಿಂತು ಒಂದೊಂದೇ ಪೆಡಲ್ ತಳ್ಳುತ್ತಾರೆ, ಚೈನ್ ಕಟಕಟ ಅನ್ನುತ್ತೆ. ನೀವು ಹೀಗೆ ಮಾಡಿ. 50 ಮೀಟರ್ ಇರುವಾಗಲೇ ಎರಡು ಮೂರು ಗೇರ್ ಇಳಿಸಿ. ಬ್ರೇಕ್ ಕೆಲಸವನ್ನು ನೇರ ಇರುವಾಗಲೇ ಮುಗಿಸಿ. ಹಿಂದೆ ಯಾರಿದ್ದಾರೆ ನೋಡಿಕೊಂಡು ಎಡಕ್ಕೆ ಸ್ವಲ್ಪ ಅಗಲ ಹೋಗಿ, ಬಲಕ್ಕೆ ತಿರುಗಿ. ಒಳಗಿನ ಪೆಡಲ್, ಅಂದರೆ ಬಲಗಾಲು, ಮೇಲಿರಲಿ. ಕಣ್ಣು ಡಿವೈಡರ್ ಮೇಲೆ ಬೇಡ, ಹೋಗಬೇಕಾದ ರಸ್ತೆಯ ಮೇಲಿರಲಿ. ತಿರುಗಿದ ಮೇಲೆ ಎದ್ದು ಹತ್ತು ಹನ್ನೆರಡು ಪೆಡಲ್, ವೇಗ ಬಂತಾ, ಕೂತುಬಿಡಿ. ಒಂದು ಖಾಲಿ ಪಾರ್ಕಿಂಗ್ ಜಾಗದಲ್ಲಿ ಅರ್ಧ ಗಂಟೆ ಇದನ್ನೇ ಅಭ್ಯಾಸ ಮಾಡಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸೆಕೆಂಡ್ ಬೇರೆಲ್ಲೂ ಸಿಗಲ್ಲ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 20 ಕಿ.ಮೀ. ನಿಮಗೆ ಮುಕ್ಕಾಲು ಗಂಟೆಯ ಕೆಲಸ. ಚೆನ್ನಾಗಿ ಉಂಡು ಮಲಗಿದವರ ಮೈಯಲ್ಲಿ ಅಷ್ಟಕ್ಕೆ ಬೇಕಾದ ಶಕ್ತಿ ಇದ್ದೇ ಇರುತ್ತೆ, ಎನರ್ಜಿ ಜೆಲ್ ಪಲ್ ಏನೂ ಬೇಡ. ಹಿಂದಿನ ರಾತ್ರಿ ಅನ್ನ-ಸಾರು, ಮೊಸರು, ಬೇಗ ಊಟ, ಬೇಗ ನಿದ್ದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಹಸಿ ಈರುಳ್ಳಿ, ಶೇಂಗಾ ಚಟ್ನಿ ಆ ರಾತ್ರಿ ಬೇಡ. ನಾರು, ಎಣ್ಣೆ, ಖಾರ ಎಲ್ಲ ನಿಧಾನಕ್ಕೆ ಕರಗುತ್ತವೆ, ಬಾಗಿ ತುಳಿಯುವಾಗ ಹೊಟ್ಟೆ ಕೈಕೊಡುತ್ತೆ. ರೇಸ್ ಏಳಕ್ಕಿದ್ದರೆ ನಾಲ್ಕೂವರೆಗೆ ಎದ್ದು ಎರಡು ಇಡ್ಲಿ ಅಥವಾ ಜಾಮ್ ಹಚ್ಚಿದ ಬ್ರೆಡ್, ಒಂದು ಬಾಳೆಹಣ್ಣು, ದಿನಾ ಕುಡಿಯುವವರಾದರೆ ಕಾಫಿ. ದಾರಿಗೆ ಒಂದು ಚಿಕ್ಕ ಬಾಟಲಿ ನೀರು. ಮಿಸಳ್ ರೇಸ್ ಮುಗಿದ ಮೇಲೆ.

ಪುಣೆಯ ಡಿಸೆಂಬರ್ ಬೆಳಗು ಚಳಿ ಚಳಿ. ಪಾರಾ 10-12 ಡಿಗ್ರಿಗೆ ಇಳಿಯುವ ದಿನಗಳೂ ಇರುತ್ತವೆ. ಅಂಥ ಚಳಿಯಲ್ಲಿ ಮೈ ಬಿಸಿ ಮಾಡದೆ ಹೊರಟರೆ ಮೊದಲ ಐದು ಕಿ.ಮೀ. ಎದೆ ಹಿಡಿದ ಹಾಗೆ ಆಗುತ್ತೆ. ಅರ್ಧ ಗಂಟೆ ಮೊದಲೇ ತುಳಿಯಲು ಶುರು ಮಾಡಿ: ಹತ್ತು ನಿಮಿಷ ಆರಾಮ, ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸಿ, ಒಂದು ನಿಮಿಷದ ರೇಸ್ ಬಿರುಸು ಮೂರು ಸಲ, ಕೊನೆಗೆ ಹಗುರ. ಜಾಕೆಟ್ ಹಾಕಿಕೊಂಡೇ ಮಾಡಿ, ಸರದಿಗೆ ಐದು ನಿಮಿಷ ಇರುವಾಗ ತೆಗೆದು ಗೆಳತಿಯ ಕೈಗೆ ಕೊಡಿ. ನಿಮ್ಮ ಗಡಿಯಾರವನ್ನು ಟೈಮ್ ಬರೆಯುವವರ ಗಡಿಯಾರಕ್ಕೆ ಹೊಂದಿಸಿಕೊಳ್ಳಿ. ತಡವಾಗಿ ಬಂದರೂ ನಿಮ್ಮ ಲೆಕ್ಕ ಶುರುವಾಗುವುದು ಪಟ್ಟಿಯಲ್ಲಿ ಬರೆದ ಸಮಯಕ್ಕೇ, ಟಾಯ್ಲೆಟ್ ಕ್ಯೂನಲ್ಲಿ ನಿಂತ ನಿಮಿಷ ವಾಪಸ್ ಬರಲ್ಲ.

ಸ್ಟಾರ್ಟ್‌ನಲ್ಲಿ ಒಬ್ಬರು ಹಿಂದಿನಿಂದ ನಿಮ್ಮ ಸೀಟು ಹಿಡಿದು ನಿಲ್ಲುತ್ತಾರೆ, ನೀವು ಎರಡೂ ಕಾಲು ಪೆಡಲ್ ಮೇಲಿಟ್ಟು ಕೂರಬಹುದು. ಅವರು ತಳ್ಳುವುದಿಲ್ಲ, ಬಿಡುತ್ತಾರೆ ಅಷ್ಟೇ. ಕೆಲವು ರೇಸ್‌ಗಳಲ್ಲಿ ನಾನೇ ಹಾಗೆ ಹಿಡಿದು ನಿಂತಾಗ ಹೊಸಬರ ನಡುಕ ಸೀಟಿನ ಮೂಲಕ ನನ್ನ ಅಂಗೈಗೆ ಬರುತ್ತೆ. ಎಷ್ಟೋ ಜನ ಎರಡು ಬ್ರೇಕನ್ನೂ ಬಿಗಿಯಾಗಿ ಒತ್ತಿಕೊಂಡಿರುತ್ತಾರೆ, 'ಹೊರಡಿ' ಅಂದ ಮೇಲೂ ಬಿಡಲ್ಲ, ಚಕ್ರ ತಿರುಗದೆ ಒಂದು ಕಡೆ ವಾಲುತ್ತಾರೆ. ಯಾರಾದರೂ ಸೀಟು ಹಿಡಿದರೆ ಹೇಗಿರುತ್ತೆ ಅಂತ ಮನೆಯ ಮುಂದೆ ಒಂದೆರಡು ಸಲ ನೋಡಿ. ಹಿಡಿಯುವುದು ಹೆದರಿಕೆ ಆದರೆ ಬೇಡ ಅನ್ನಿ, ಒಂದು ಕಾಲು ನೆಲಕ್ಕೆ ಊರಿ ಹೊರಟರೂ ನಡೆಯುತ್ತೆ. ಗೇರ್ ಮಧ್ಯದ್ದಿರಲಿ.

ಇನ್ನು ನಾನು ನಿಮಗೆ ಹೇಳಲೇಬೇಕಾದದ್ದು. ಹೊರಟ ಮೊದಲ ಐದು ನಿಮಿಷ ತಡೆದುಕೊಳ್ಳಿ. ಎಂಟು ವಾರ ನೀವು ಮಾಡಿದ ಅಷ್ಟೂ ಕೆಲಸ ಈ ಐದು ನಿಮಿಷದಲ್ಲಿ ಉಳಿಯುತ್ತೆ ಅಥವಾ ಹೋಗುತ್ತೆ. ಕಾಲು ಹೊಸದು, ಜನ ಚಪ್ಪಾಳೆ ಹೊಡೆಯುತ್ತಾರೆ, ಮೈಯೆಲ್ಲ ಉಮೇದು. ಆ ಹೊತ್ತಿಗೆ ಗಂಟೆಗೆ 32 ಕಿ.ಮೀ. ವೇಗದಲ್ಲಿ ಹೋದರೂ ಸುಲಭ ಅನ್ನಿಸುತ್ತೆ. ಅದು ಸುಲಭ ಅಲ್ಲ, ಸಾಲ. ತೊಡೆಯ ಉರಿ ಎರಡು ಮೂರು ನಿಮಿಷ ತಡವಾಗಿ ಬರುತ್ತೆ, ಬಂದ ಮೇಲೆ ರೇಸ್ ನಡೆಯುತ್ತಿರುವಾಗ ಅದನ್ನು ಇಳಿಸಲು ವೇಗ ಬಿಟ್ಟುಕೊಡಲೇಬೇಕು. ಹಾರ್ಟ್ ರೇಟ್ ಮೀಟರ್ ಇದ್ದರೂ ಆ ಐದು ನಿಮಿಷ ಅದನ್ನು ನಂಬಬೇಡಿ. ಗಾಬರಿಯಿಂದಾಗಿ ಅದು ಮೊದಲೇ ಏರಿರುತ್ತೆ, ಕೆಲಸದ ಲೆಕ್ಕ ತೋರಿಸುವುದು ಆಮೇಲೆ. ಉಸಿರು ಕೇಳಿಸಿಕೊಳ್ಳಿ. ಶ್ರಮ ಹತ್ತಕ್ಕೆ ಏಳರಷ್ಟು ಅನ್ನಿಸಬೇಕು. ಇಷ್ಟು ನಿಧಾನ ಹೋಗುತ್ತಿದ್ದೇನಲ್ಲಾ ಅಂತ ಮನಸ್ಸು ಚಡಪಡಿಸುತ್ತೆ, ಚಡಪಡಿಸಲಿ. ಮಧ್ಯದಲ್ಲಿ ಎಂಟು, ಯೂ-ಟರ್ನ್ ಆದ ಮೇಲೆ ಎಂಟೂವರೆ, ಕೊನೆಯ ಮೂರು ಕಿ.ಮೀ. ಇರುವುದನ್ನೆಲ್ಲ ಖರ್ಚು ಮಾಡಿ. ಹಿಂದೆ ಹೊರಟವರು ದಾಟಿದರೆ ಅವರ ಬೆನ್ನು ಹತ್ತಬೇಡಿ. ಹಾಗೆ ಅವರ ಹಿಂದೆ ಗಾಳಿಮರೆಯಲ್ಲಿ ಹೋಗುವುದು ನಿಯಮಕ್ಕೂ ವಿರುದ್ಧ. ಯುಸಿಐ ನಿಯಮದ ಪ್ರಕಾರ ದಾಟುವಾಗ ಪಕ್ಕಕ್ಕೆ 2 ಮೀಟರ್, ಆಮೇಲೆ ಹಿಂದೆ 25 ಮೀಟರ್ ಅಂತರ ಇರಬೇಕು.

ಗಾಳಿಯ ಒಂದು ಲೆಕ್ಕ ಹೇಳುತ್ತೇನೆ, ಯಾಕೆಂದರೆ ಹೋಗಿ ಬರುವ ದಾರಿಯಲ್ಲಿ ಇದು ಎಲ್ಲರಿಗೂ ಮೋಸ ಮಾಡುತ್ತೆ. ನೀವು 26ರ ವೇಗದಲ್ಲಿ ಒಂದೇ ಸಮ ಹೋದರೆ 20 ಕಿ.ಮೀ.ಗೆ 46 ನಿಮಿಷ 9 ಸೆಕೆಂಡ್. ಹೋಗುವಾಗ ಗಾಳಿ ಬೆನ್ನಿಗಿದ್ದು 30ರಲ್ಲಿ ಹೋಗಿ, ಬರುವಾಗ ಎದುರುಗಾಳಿಗೆ 22ಕ್ಕೆ ಇಳಿದರೆ? ಸರಾಸರಿ ಅದೇ 26 ಅಲ್ವಾ ಅನ್ನಿಸುತ್ತೆ. ಅಲ್ಲ. ಹೋಗಲು 20 ನಿಮಿಷ, ಬರಲು 27 ನಿಮಿಷ 16 ಸೆಕೆಂಡ್, ಒಟ್ಟು 47:16. ನಿಧಾನದ ಕಡೆ ನೀವು ಜಾಸ್ತಿ ಹೊತ್ತು ಇರುತ್ತೀರಿ, ನಷ್ಟವೂ ಅಲ್ಲೇ ಜಾಸ್ತಿ. ಹಾಗಾಗಿ ಗಾಳಿ ಎದುರಿಗಿದ್ದಾಗ, ಏರಿನಲ್ಲಿ ಸ್ವಲ್ಪ ಹೆಚ್ಚು ಬಲ ಹಾಕಿ, ಬೆನ್ನುಗಾಳಿಯಲ್ಲಿ, ಇಳಿಜಾರಿನಲ್ಲಿ ಸ್ವಲ್ಪ ಸುಧಾರಿಸಿಕೊಳ್ಳಿ. ಸ್ವಲ್ಪ ಅಂದರೆ ಸ್ವಲ್ಪವೇ. ಗಾಳಿಯ ಎದುರು ವೇಗವನ್ನು ಹತ್ತು ಶೇಕಡಾ ಏರಿಸಲು ಶಕ್ತಿ ಸುಮಾರು ಇಪ್ಪತ್ತೈದು ಶೇಕಡಾ ಹೆಚ್ಚು ಬೇಕು, ಮೊಂಡುತನ ಅಲ್ಲಿ ನಡೆಯಲ್ಲ. ಇದೇ ಕಾರಣಕ್ಕೆ ಮೀಟರಿನಲ್ಲಿ ಆ ಕ್ಷಣದ ವೇಗ ಕಾಣದ ಹಾಗೆ ಇಟ್ಟುಕೊಳ್ಳಿ. ಎದುರುಗಾಳಿಯಲ್ಲಿ 21 ನೋಡಿ ಎದೆ ಒಡೆಯುತ್ತೆ, ಬೆನ್ನುಗಾಳಿಯಲ್ಲಿ 33 ನೋಡಿ ತಲೆ ತಿರುಗುತ್ತೆ. ದೂರ, ಸಮಯ ಎರಡೇ ಸಾಕು.

ಸಣ್ಣಪುಟ್ಟದ್ದು: ಹೆಲ್ಮೆಟ್ ಇಲ್ಲದೆ ಹೊರಡಬೇಡಿ. ಪ್ಯಾಡ್ ಇರುವ ಶಾರ್ಟ್ಸ್ ಒಳಗೆ ಬೇರೆ ಒಳಉಡುಪು ಹಾಕಬೇಡಿ, ಉಜ್ಜಿ ಗಾಯ ಆಗುತ್ತೆ. ರೇಸ್ ದಿನಕ್ಕೆ ಅಂತ ಹೊಸ ಶೂ, ಹೊಸ ಸೀಟು ಯಾವುದೂ ಬೇಡ. ಚೈನಿಗೆ ಎರಡು ದಿನ ಮೊದಲೇ ಎಣ್ಣೆ ಬಿಟ್ಟು, ಮೇಲಿನದ್ದನ್ನು ಬಟ್ಟೆಯಲ್ಲಿ ಒರೆಸಿ. ಹಿಂದಿನ ಸಂಜೆ ಟೈರನ್ನು ನಿಧಾನವಾಗಿ ತಿರುಗಿಸುತ್ತಾ ಗಾಜಿನ ಚೂರು ಸಿಕ್ಕಿದೆಯಾ ನೋಡಿ, ಚೂರಿದ್ದರೆ ಪಿನ್ನಿನಿಂದ ಎಬ್ಬಿಸಿ. ದಾರಿಯಲ್ಲಿ ಸಹಾಯದ ಗಾಡಿ ಇರುತ್ತಾ ಅಂತ ಆಯೋಜಕರನ್ನು ಕೇಳಿ. ಇಲ್ಲದಿದ್ದರೆ ಟ್ಯೂಬ್, ಪಂಪ್ ಜೊತೆಗಿರಲಿ, ಭಾರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮುಟ್ಟಿನ ದಿನ ಬಂದರೆ ರೇಸ್ ಬಿಡಬೇಕಾ ಅಂತ ಹೆಣ್ಣುಮಕ್ಕಳು ನನ್ನನ್ನು ಕೇಳುತ್ತಿರುತ್ತಾರೆ. ನೋವು ವಿಪರೀತ ಇಲ್ಲದಿದ್ದರೆ ತುಳಿಯಬಹುದು, ಎಷ್ಟೋ ಜನ ಚೆನ್ನಾಗೇ ತುಳಿಯುತ್ತಾರೆ. ತಯಾರಿಯ ವಾರಗಳಲ್ಲಿ ಆ ದಿನಗಳಂದು ನಿಮಗೆ ಹೇಗನ್ನಿಸುತ್ತೆ ಅಂತ ಗಮನಿಸಿ ಇಟ್ಟುಕೊಳ್ಳಿ. ಎದೆನೋವು, ತಲೆಸುತ್ತು, ಬಿಪಿ ಏನಾದರೂ ಇದ್ದರೆ ಈ ಜೋರಿನ ತಯಾರಿ ಶುರು ಮಾಡುವ ಮೊದಲೇ ಡಾಕ್ಟರನ್ನು ಕಾಣಿ.

ನಮ್ಮ ವಿಜಯಪುರ, ಬಾಗಲಕೋಟೆ ಕಡೆಯಿಂದ ದೇಶದ ಮಟ್ಟದ ಸೈಕಲ್ ರೇಸಿಗೆ ಹೋಗಿ ಪದಕ ತಂದ ಹೆಣ್ಣುಮಕ್ಕಳಿದ್ದಾರೆ. ಉತ್ತರ ಕರ್ನಾಟಕದವರಿಗೆ ಎದುರುಗಾಳಿ ಹೊಸದೇನಲ್ಲ.

ಗುರಿ ಎಷ್ಟು ಇಟ್ಟುಕೊಳ್ಳಬೇಕು ಅಂದರೆ, ಏಳನೇ ವಾರದ ಆ ಎರಡು 12 ನಿಮಿಷಗಳಲ್ಲಿ ನಿಮ್ಮ ಸರಾಸರಿ ವೇಗ ಎಷ್ಟು ಬಂತೋ ಅದಕ್ಕಿಂತ ಒಂದು ಕಿ.ಮೀ. ಕಡಿಮೆ ಇಟ್ಟುಕೊಳ್ಳಿ, ಟ್ರೇನರ್ ಮೇಲೆ ಮಾಡದೆ ರಸ್ತೆಯಲ್ಲಿ ಮಾಡಿದ್ದರೆ ಮಾತ್ರ. ಟ್ರೇನರಿನ ವೇಗ ರಸ್ತೆಗೆ ಹೊಂದಲ್ಲ. ರೇಸ್ ಮುಗಿದ ಮೇಲೆ ಗೆರೆ ದಾಟಿ ತಕ್ಷಣ ನಿಲ್ಲಬೇಡಿ, ಹತ್ತು ನಿಮಿಷ ಹಗುರವಾಗಿ ತುಳಿಯಿರಿ, ಜಾಕೆಟ್ ಹಾಕಿಕೊಳ್ಳಿ. ಹೋಗುವಾಗಿನ 10 ಕಿ.ಮೀ.ಗೆ ಎಷ್ಟು, ಬರುವಾಗಿನದಕ್ಕೆ ಎಷ್ಟು, ಗಾಳಿ ಯಾವ ಕಡೆಗಿತ್ತು, ಎಲ್ಲಿ ಕಾಲು ಭಾರ ಆಯ್ತು ಅಂತ ಅವತ್ತೇ ಬರೆದಿಡಿ. ಅಷ್ಟನ್ನು ನನಗೆ ಬರೆದು ಕಳಿಸಿದರೆ ಎರಡನೇ ರೇಸಿಗೆ ಏನು ಬದಲಿಸಬೇಕು, ರೋಡ್ ಬೈಕ್ ನಿಜಕ್ಕೂ ಬೇಕಾ ಅಂತ ಆಗ ಸರಿಯಾಗಿ ಹೇಳಬಹುದು.